ಮೇಣಬಸದಿ ಬಾಗಿಲಿಗೇ ಕಾರು ಹೋಗಬೇಕಾ?

ನವೆಂಬರ್ ಬಂತೆಂದರೆ ಶಾಲಾ ಪ್ರವಾಸದ ಬಸ್ಸುಗಳು ಬಾದಾಮಿಯ ಮೇಣಬಸದಿ, ಅಂದರೆ ಗುಹಾ ದೇವಾಲಯಗಳ ಕಡೆ ಹೊರಡುತ್ತವೆ. ಹಿಂದೆಯೇ ನನಗೆ ಪತ್ರಗಳು ಬರುತ್ತವೆ. ಸಣ್ಣ ಊರುಗಳಿಗೆ ರಸ್ತೆ, ಪಾರ್ಕಿಂಗ್, ಬಸ್ ಓಡಾಟದ ಯೋಜನೆ ಮಾಡಿಕೊಡುವುದು ನನ್ನ ಕೆಲಸ. ಬರೆಯುವವರ ಮೇಲೆ ಸಿಟ್ಟಿಲ್ಲ. ಆದರೆ ಅದೇ ಪ್ರಶ್ನೆ, ಅದೇ ತಪ್ಪು ನಂಬಿಕೆ ವರ್ಷ ವರ್ಷ ಬಂದರೆ ಬೇಜಾರಾಗುತ್ತದೆ. ಈ ಸಲ ಆ ಒಂದು ಪ್ರಶ್ನೆಗೆ ಪೂರ್ತಿ ಉತ್ತರ ಬರೆಯುತ್ತೇನೆ. ಉಳಿದವು ಚಿಕ್ಕದಾಗಿ.

ಪ್ರಶ್ನೆ: ಭಾನುವಾರ ಬಂದರೆ ಮೇಣಬಸದಿ ರಸ್ತೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಗುಹೆ ಹತ್ತಿರವೇ ಬಹುಮಹಡಿ ಪಾರ್ಕಿಂಗ್ ಕಟ್ಟಿದರೆ ಸಮಸ್ಯೆ ಮುಗೀತಲ್ವಾ ಸರ್? ಪುರಸಭೆಗೆ ನೀವು ಯಾಕೆ ಹೇಳುವುದಿಲ್ಲ? (ಹೋಟೆಲ್ ಮಾಲೀಕರು, ಬಾದಾಮಿ)

ಹೇಳುವುದಿಲ್ಲ. ಯಾರಾದರೂ ಹೇಳಿದರೆ ಬೇಡ ಎನ್ನುತ್ತೇನೆ.

ಮೊದಲು ಕಾನೂನು. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆ ಇನ್ನೂ 200 ಮೀಟರ್ ಒಳಗೆ ಕಟ್ಟಬೇಕೆಂದರೆ ಅನುಮತಿ ಬೇಕು. 1958ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿ ಇದು. ಬಾದಾಮಿಯಲ್ಲಿ ಸ್ಮಾರಕ ಒಂದೇ ಅಲ್ಲ. ಮೇಣಬಸದಿ ಇದೆ, ಕೆರೆ ಆಚೆ ಭೂತನಾಥ ಇದೆ, ಮೇಲೆ ಮಾಲೆಗಿತ್ತಿ ಶಿವಾಲಯ ಇದೆ, ಕೋಟೆ ಇದೆ. ಒಂದೊಂದರ ಸುತ್ತ ಗೆರೆ ಎಳೆದು ನೋಡಿ. ಕಟ್ಟಲು ಜಾಗ ಎಲ್ಲಿ ಉಳಿಯಿತು? "ಪರ್ಮಿಷನ್ ನಾವು ತರ್ತೀವಿ, ನೀವು ಡಿಪಿಆರ್‌ಗೆ (ವಿವರವಾದ ಯೋಜನಾ ವರದಿಗೆ) ದುಡ್ಡು ಕೊಡಿ" ಎಂದು ಬಣ್ಣದ ಚಿತ್ರ ಹಿಡಿದು ಬರುವವರಿದ್ದಾರೆ. ದಯವಿಟ್ಟು ಅವರನ್ನು ನಂಬಬೇಡಿ. ಚಿತ್ರದಲ್ಲಿ ರಸ್ತೆ ಯಾವಾಗಲೂ ಖಾಲಿ ಇರುತ್ತದೆ.

ಸರಿ, ಕಾನೂನು ಬಿಡಿ. ಕಟ್ಟಡ ಎದ್ದಿತು ಎಂದೇ ಇಟ್ಟುಕೊಳ್ಳಿ. 200 ಕಾರು ನಿಂತವು. ಸಂಜೆ ಗುಹೆ ಮುಚ್ಚಿದಾಗ ಎಲ್ಲವೂ ಒಟ್ಟಿಗೆ ಹೊರಬೀಳುತ್ತವೆ. ಮುಖ್ಯ ರಸ್ತೆಗೆ ಸೇರಲು ಒಂದು ಕಾರಿಗೆ 9 ಸೆಕೆಂಡ್ ಹಿಡಿದರೂ ಕೊನೆಯ ಕಾರು ಹೊರಬರಲು ಅರ್ಧ ಗಂಟೆ ಬೇಕು. ನಡುವೆ ಒಂದು ಬಸ್ಸು, ಎರಡು ಟಂಟಂ ರಿಕ್ಷಾ, ಒಂದು ಹುಲ್ಲಿನ ಟ್ರ್ಯಾಕ್ಟರ್ ಬಂದರೆ ಮುಗಿದೇ ಹೋಯಿತು. ಕಾರು ನಿಲ್ಲಲು ಜಾಗ ಸಿಗುತ್ತದೆ ಎಂದು ಗೊತ್ತಾದರೆ ಮುಂದಿನ ಭಾನುವಾರ ಇನ್ನೂ ಜಾಸ್ತಿ ಕಾರು ಬರುತ್ತವೆ. ರಸ್ತೆ ಮಾತ್ರ ಅಷ್ಟೇ ಅಗಲ ಇರುತ್ತದೆ.

ರಸ್ತೆಯ ಲೆಕ್ಕವನ್ನೂ ನೋಡಿ. 7 ಮೀಟರ್ ರಸ್ತೆ. ಎರಡೂ ಕಡೆ ಕಾರು ನಿಂತರೆ ಒಂದೊಂದು ಬದಿಗೆ 2 ಮೀಟರ್ ಹೋಯಿತು. ಉಳಿದದ್ದು 3 ಮೀಟರ್. ಬಸ್ಸಿನ ಅಗಲವೇ ಎರಡೂವರೆ ಮೀಟರ್. ಎದುರಿಗೆ ಇನ್ನೊಂದು ಬಸ್ಸು ಬಂದರೆ ಇಬ್ಬರೂ ನಿಲ್ಲಬೇಕು. ಹಾಗಾಗಿ ನೀವು ಹೇಳುವ ಜಾಮ್ ಎಷ್ಟೋ ಸಲ ವಾಹನ ಜಾಸ್ತಿಯಾಗಿ ಆದದ್ದಲ್ಲ. ನಿಲ್ಲಬಾರದ ಕಡೆ ನಿಂತ ಹತ್ತು ವಾಹನದಿಂದ ಆದದ್ದು.

ಆ ಹತ್ತು ವಾಹನ ಯಾರವು? ಎಲ್ಲರೂ "ಪ್ರವಾಸಿಗರವು" ಅನ್ನುತ್ತಾರೆ. ಎಣಿಸಿದವರು ಯಾರೂ ಇಲ್ಲ. ಕೆಲವು ವರ್ಷಗಳ ಹಿಂದೆ ಇಂಥದ್ದೇ ಒಂದು ಯಾತ್ರಾ ಊರಲ್ಲಿ ಬೆಳಿಗ್ಗೆ 8ಕ್ಕೆ ಚಹಾದಂಗಡಿ ಮುಂದೆ ನೋಟ್‌ಬುಕ್ ಹಿಡಿದು ಕೂತೆ. ದೇವಸ್ಥಾನದ ಗೇಟಿಗೆ ಅಂಟಿಕೊಂಡಂತೆ ಒಂದು ಬಿಳಿ ಕಾರು ನಿಂತಿತ್ತು. ಮುಂದೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದರು. 10ಕ್ಕೂ ಅದು ಅಲ್ಲೇ, ಮಧ್ಯಾಹ್ನ 1ಕ್ಕೂ ಅಲ್ಲೇ. ಗಾಜಿನ ಮೇಲೆ ಧೂಳು ಕೂತಿತ್ತು. ಸಂಜೆ ಎದುರಿನ ಅಂಗಡಿಯ ಷಟರ್ ಎಳೆದ ಮಾಲೀಕರು ಬಂದು ಅದನ್ನು ತೆಗೆದುಕೊಂಡು ಹೋದರು. ಬೆಳಿಗ್ಗೆಯಿಂದ ಪಾರ್ಕಿಂಗ್ ಇಲ್ಲ, ಗಿರಾಕಿ ಬರುತ್ತಿಲ್ಲ ಎಂದು ನನ್ನ ಹತ್ತಿರ ಗೋಳು ಹೇಳಿಕೊಂಡಿದ್ದವರೂ ಅವರೇ. ಕೆಟ್ಟವರಲ್ಲ. ತಮ್ಮ ಕಾರಿನ ಲೆಕ್ಕ ಅವರಿಗೆ ಹೊಳೆದೇ ಇರಲಿಲ್ಲ.

ಗುಹೆ ನೋಡಿ ಬರಲು ಒಂದು ಕುಟುಂಬಕ್ಕೆ ಸುಮಾರು 2 ಗಂಟೆ ಸಾಕು. ಅಂದರೆ ಬೆಳಿಗ್ಗೆ 9ರಿಂದ ಸಂಜೆ 5ರವರೆಗೆ ಒಂದು ಜಾಗದಲ್ಲಿ ನಾಲ್ಕು ಕಾರು ನಿಲ್ಲಬಹುದು. ಅದೇ ಜಾಗದಲ್ಲಿ ಅಂಗಡಿಯವರ ಕಾರು ನಿಂತರೆ ಒಂದೇ. 40 ಜಾಗ ಇದ್ದರೆ 160 ಕಾರಿಗೆ ಆಗುತ್ತಿತ್ತು, 40ಕ್ಕೇ ಮುಗಿಯಿತು. ಒಂದು ಪೈಸೆ ಖರ್ಚಿಲ್ಲದೆ ಪಾರ್ಕಿಂಗ್ ನಾಲ್ಕು ಪಟ್ಟು ಮಾಡುವ ದಾರಿ ಇದು. ಇದನ್ನು ಬಿಟ್ಟು ಸಿಮೆಂಟ್ ಕಡೆ ಓಡುತ್ತೀರಲ್ಲ!

ಹಾಗಾಗಿ ಮೊದಲು ಎಣಿಸಿ. ಕಾಲೇಜಿನ ಇಬ್ಬರು ಹುಡುಗರು, ಇಬ್ಬರು ಹುಡುಗಿಯರು ಸಾಕು. ಒಂದು ಭಾನುವಾರ, ಒಂದು ಸಂತೆ ದಿನ, ಒಂದು ಸಾಮಾನ್ಯ ದಿನ. ಅರ್ಧ ಗಂಟೆಗೊಂದು ಸುತ್ತು ಹೊಡೆದು ನಿಂತ ವಾಹನಗಳ ನಂಬರ್ ಪ್ಲೇಟಿನ ಕೊನೆಯ ನಾಲ್ಕು ಅಂಕಿ ಬರೆದುಕೊಳ್ಳಿ. ಸಂಜೆ ಕೂತು ನೋಡಿದರೆ ಯಾವ ವಾಹನ ಎಷ್ಟು ಹೊತ್ತು ನಿಂತಿತ್ತು ಎಂದು ಗೊತ್ತಾಗುತ್ತದೆ. ಈ ಪಟ್ಟಿ ಇಲ್ಲದೆ ಯಾರು ಪಾರ್ಕಿಂಗ್ ಸಲಹೆ ಕೊಟ್ಟರೂ ಅದು ಊಹೆ. ಮೈ ಮುಟ್ಟಿ ನೋಡದೆ ಔಷಧಿ ಕೊಡುವ ಡಾಕ್ಟರ ಹತ್ತಿರ ನೀವು ಹೋಗುತ್ತೀರಾ?

ಆಮೇಲೆ ಜಾಗ. ಕಾರು ಹೊರಗಡೆಯೇ ನಿಲ್ಲಬೇಕು, ಊರು ಶುರುವಾಗುವ ಮೊದಲು. ಒಂದು ಕಾರಿಗೆ ಓಡಾಟದ ಜಾಗ ಸೇರಿ ಸುಮಾರು 25 ಚದರ ಮೀಟರ್ ಬೇಕು. ಒಂದು ಎಕರೆಯಲ್ಲಿ 160ರ ಆಸುಪಾಸು. ಮೊದಲ ವರ್ಷ ಏನೂ ಕಟ್ಟಬೇಡಿ. ಗರಸು ಹಾಕಿ, ರೋಲರ್ ಓಡಿಸಿ, ಸುಣ್ಣದ ಗೆರೆ ಎಳೆಯಿರಿ. ದುಡ್ಡನ್ನು ಮೂರಕ್ಕೆ ಇಡಿ: ನೆರಳು, ನೀರು, ಹೆಣ್ಣುಮಕ್ಕಳಿಗೆ ಶುಚಿಯಾದ ಶೌಚಾಲಯ. ದೂರದ ಪಾರ್ಕಿಂಗ್ ಸೋಲುವುದು ದೂರದಿಂದ ಅಲ್ಲ. ನಾಲ್ಕು ತಾಸು ಕಾರಲ್ಲಿ ಕೂತು ಬಂದ ಅಮ್ಮ, ಮಗು ಮೊದಲು ಹುಡುಕುವುದು ಶೌಚಾಲಯವನ್ನೇ. ಅದು ಇಲ್ಲದಿದ್ದರೆ ಹೋಟೆಲ್ ಸಿಗುವವರೆಗೂ ಕಾರು ಒಳಗೆ ಬರುತ್ತದೆ.

ಅಲ್ಲಿಂದ ಗುಹೆಗೆ ಮಿನಿ ಬಸ್. ಹೋಗಿ, ಜನ ಹತ್ತಿಸಿ ಇಳಿಸಿ ಬರಲು 20 ನಿಮಿಷ ಎಂದಿಟ್ಟುಕೊಳ್ಳಿ. 10 ನಿಮಿಷಕ್ಕೊಂದು ಬಸ್ ಬೇಕೆಂದರೆ ಎರಡು ಬಸ್ ಬೇಕು. 25 ಸೀಟಿನದಾದರೆ ಗಂಟೆಗೆ 150 ಜನ. ಭಾನುವಾರಕ್ಕೆ ಮೂರನೆಯದು ಸೇರಿಸಿ. ಒಂದೇ ಬಸ್ ಇಟ್ಟು "ಜನ ಹತ್ತೋದೇ ಇಲ್ಲ" ಎಂದು ನಿಲ್ಲಿಸಿಬಿಡುವುದನ್ನು ನೋಡಿ ನೋಡಿ ಸಾಕಾಗಿದೆ. ಬಿಸಿಲಲ್ಲಿ 20 ನಿಮಿಷ ಯಾರು ಕಾಯುತ್ತಾರೆ? ಊರಿನ ಟಂಟಂ, ಆಟೊದವರನ್ನು ಬಿಟ್ಟು ಇದನ್ನು ಮಾಡಬೇಡಿ. ಅವರಿಗೆ ದರ, ಸರದಿ ಗೊತ್ತು ಮಾಡಿ ಇದರಲ್ಲೇ ಸೇರಿಸಿ. ಇಲ್ಲದಿದ್ದರೆ ಮೊದಲ ವಾರವೇ ಜಗಳ.

ಶಾಲಾ ಬಸ್ಸಿಗೆ ಬೇರೆ ನಿಯಮ. ಗುಹೆ ಹತ್ತಿರ ಮಕ್ಕಳನ್ನು ಇಳಿಸಿ ಹೊರಟುಬಿಡಬೇಕು, ನಿಲ್ಲುವಂತಿಲ್ಲ. ಆದರೆ ಇಳಿಯಲು ಒಂದು ಸರಿಯಾದ ಕಟ್ಟೆ ಮಾಡಿಕೊಡಿ. ಕಳೆದ ಡಿಸೆಂಬರ್‌ನಲ್ಲಿ ಒಬ್ಬ ಟೀಚರ್ ಬಸ್ ಬಾಗಿಲಲ್ಲಿ ನಿಂತು ತಲೆ ಎಣಿಸುತ್ತಿದ್ದರು. "ನಲವತ್ತೇಳು, ನಲವತ್ತೆಂಟು..." ಅಷ್ಟರಲ್ಲಿ ಹಿಂದಿನಿಂದ ಗೂಡ್ಸ್ ಗಾಡಿ ಹಾರ್ನ್ ಹೊಡೆಯಿತು. ಇತ್ತ ಮಂಗವೊಂದು ಒಬ್ಬ ಹುಡುಗಿಯ ಕೈಯಿಂದ ಬಿಸ್ಕತ್ತಿನ ಪೊಟ್ಟಣ ಎಳೆಯಿತು. ಮಗು ಹೆದರಿ ಹಿಂದೆ ಸರಿದದ್ದು ನೇರ ರಸ್ತೆಗೆ. ಟೀಚರ್ ಕೈ ಹಿಡಿದು ಎಳೆದುಕೊಂಡರು. ಆ ಹುಡುಗಿಗೆ ಏನಾದರೂ ಆಗಿದ್ದರೆ? ನಾನು ಪಾರ್ಕಿಂಗ್ ವಿಷಯದಲ್ಲಿ ಗಟ್ಟಿ ಮಾತಾಡುವುದು ಇದಕ್ಕೇ. ನನಗೆ ಕಾರಿನ ಚಿಂತೆ ಅಲ್ಲ.

ವಯಸ್ಸಾದವರು, ನಡೆಯಲಾಗದವರು ಬಂದ ಕಾರು ಗೇಟಿನವರೆಗೆ ಬರಲಿ, ಇಳಿಸಿ ಹೋಗಲಿ. ಶುಲ್ಕವನ್ನು ಈಗಿನದಕ್ಕೆ ಉಲ್ಟಾ ಮಾಡಿ: ದೂರ ನಿಲ್ಲಿಸಿದರೆ ಪುಕ್ಕಟೆ, ಹತ್ತಿರ ನಿಲ್ಲಿಸಿದರೆ ಗಂಟೆ ಗಂಟೆಗೆ ಏರುವ ದರ. ವಾಹನ ಎಲ್ಲಿ ನಿಲ್ಲಬೇಕೆಂದು ಗೊತ್ತು ಮಾಡುವ ಅಧಿಕಾರ 1988ರ ಮೋಟಾರು ವಾಹನ ಕಾಯ್ದೆಯ 117ನೇ ಸೆಕ್ಷನ್‌ನಲ್ಲೇ ಇದೆ. ಹೊಸ ಕಾನೂನು ಬೇಕಿಲ್ಲ.

ನಿಮ್ಮ ವ್ಯಾಪಾರ ಹೋಗುತ್ತದೆ ಎಂಬ ಭಯ ನನಗೆ ಅರ್ಥವಾಗುತ್ತದೆ. ಆದರೆ ಯೋಚಿಸಿ. ಗುಹೆ ಬಾಗಿಲಲ್ಲಿ ಇಳಿದು ಅಲ್ಲೇ ಹತ್ತಿ ಹೋದವನು ನಿಮ್ಮ ಹೋಟೆಲ್ ಕಂಡೇ ಇಲ್ಲ. ನಡೆದು ಬರುವವನು ಖಾನಾವಳಿ ಮುಂದೆ ರೊಟ್ಟಿ ಬಡಿಯುವ ಸದ್ದು ಕೇಳುತ್ತಾನೆ, ಗಿರ್ಮಿಟ್ ವಾಸನೆಗೆ ನಿಲ್ಲುತ್ತಾನೆ.

ಒಂದು ಎಚ್ಚರಿಕೆ. ಬನಶಂಕರಿ ಜಾತ್ರೆಯ ಗದ್ದಲ ನೋಡಿ ವರ್ಷಪೂರ್ತಿಯ ಪಾರ್ಕಿಂಗ್ ಅಳತೆ ಹಾಕಬೇಡಿ. ಬನದ ಹುಣ್ಣಿಮೆ ತೇರಿನ ಜನಕ್ಕೆ ಆ ದಿನಗಳ ಮಟ್ಟಿಗೆ ಖಾಲಿ ಬಯಲು ಬಾಡಿಗೆಗೆ ಹಿಡಿಯಿರಿ, ಹೆಚ್ಚುವರಿ ಬಸ್ ಬಿಡಿಸಿ. ಕಟ್ಟುವ ಅಳತೆ ಸಾಧಾರಣ ಭಾನುವಾರದ್ದು.

ಪ್ರಶ್ನೆ: ದುಡ್ಡೇ ಇಲ್ಲದ ಪುರಸಭೆ ಇದನ್ನೆಲ್ಲ ಹೇಗೆ ಮಾಡುತ್ತದೆ? (ಬಾದಾಮಿ)

2015ರಲ್ಲಿ ಪಾರಂಪರಿಕ ಊರುಗಳ ಅಭಿವೃದ್ಧಿಗೆಂದು ಬಂದ ಕೇಂದ್ರದ 'ಹೃದಯ್' ಯೋಜನೆಗೆ ಇಡೀ ದೇಶದಲ್ಲಿ ಆರಿಸಿದ್ದು 12 ಊರು. ಅದರಲ್ಲಿ ಬಾದಾಮಿ ಒಂದು. ಯೋಜನೆ 2019ಕ್ಕೆ ಮುಗಿಯಿತು. ಯೋಜನೆ ಬರುತ್ತವೆ, ಹೋಗುತ್ತವೆ. ಕಸ ಗುಡಿಸುವ, ಗೆರೆ ಬಳಿಯುವ, ಕೆಟ್ಟ ದೀಪ ಬದಲಿಸುವ ದುಡ್ಡು ಮಾತ್ರ ಊರಿನದೇ ಆಗಬೇಕು. ಪಾರ್ಕಿಂಗ್ ಶುಲ್ಕವನ್ನು ಅದಕ್ಕೇ ಮೀಸಲಿಡಿ, ಪ್ರತಿ ತಿಂಗಳ ಲೆಕ್ಕ ಬೋರ್ಡ್ ಮೇಲೆ ಬರೆಯಿರಿ.

ಪ್ರಶ್ನೆ: ಪಾರ್ಕಿಂಗ್ ಆ್ಯಪ್ ಮಾಡಿಸಿದರೆ ಹೇಗೆ? (ವಿಜಯಪುರ)

ಬೇಡ. ಗೋಳಗುಮ್ಮಟದ ಮುಂದೆ ಮೊದಲು ಗೆರೆ ಎಳೆದು, ಸೀಟಿ ಹಿಡಿದ ಒಬ್ಬರನ್ನು ನಿಲ್ಲಿಸಿ.

ಪ್ರಶ್ನೆ: ಫುಟ್‌ಪಾತ್ ವ್ಯಾಪಾರಿಗಳನ್ನು ಎಬ್ಬಿಸಿದರೆ ರಸ್ತೆ ಸರಿಯಾಗುವುದಿಲ್ಲವೇ? (ಸವದತ್ತಿ)

2014ರ ಬೀದಿ ವ್ಯಾಪಾರಿಗಳ ಕಾಯ್ದೆ ಓದಿ. ಸಮೀಕ್ಷೆ ಮುಗಿಸದೆ ಎಬ್ಬಿಸುವಂತಿಲ್ಲ. ಕುಂಕುಮ, ಬಳೆ ಮಾರುವ ಅಜ್ಜಿ ಹಿಡಿದದ್ದು ಒಂದು ಗೋಣಿತಟ್ಟಿನ ಜಾಗ. ಒಂದು ಕಾರಿನ ಜಾಗದಲ್ಲಿ ಅಂಥ ಆರು ಜನ ಕೂರುತ್ತಾರೆ. ಮೊದಲು ಕಾರು ಎಬ್ಬಿಸಿ.

ಪ್ರಶ್ನೆ: ನಮ್ಮ ಬೀದಿ ಅಗೆದು ಮೂರು ತಿಂಗಳಾಯಿತು. ಪೇವರ್ಸ್ ಹಾಕಿದ್ದನ್ನೇ ಮತ್ತೆ ಕಿತ್ತರು. ಯಾರನ್ನು ಕೇಳಬೇಕು? (ಇಳಕಲ್)

ನಿಮ್ಮ ಸಿಟ್ಟು ನ್ಯಾಯವಾದದ್ದು. ಕ್ರಮ ಒಂದೇ: ಒಳಚರಂಡಿ, ನೀರಿನ ಪೈಪು, ಕೇಬಲ್ ಪೈಪು, ಮಳೆನೀರು ಚರಂಡಿ, ಕೊನೆಗೆ ಮೇಲ್ಪದರ. ನಾಳೆ ಯಾರೋ ಕೇಬಲ್ ಎಳೆಯಲು ಬರುತ್ತಾರೆ ಎಂದು ಇಂದೇ ಒಂದು ಖಾಲಿ ಪೈಪು ಹೂಳಿಬಿಟ್ಟರೆ ಮತ್ತೆ ಅಗೆಯುವುದು ತಪ್ಪುತ್ತದೆ. ನಗರಸಭೆಯ ಮಾಹಿತಿ ಅಧಿಕಾರಿಗೆ ಮಾಹಿತಿ ಹಕ್ಕಿನಲ್ಲಿ ಎರಡು ಕಾಗದ ಕೇಳಿ: ಕೆಲಸದ ಆದೇಶ, ಮುಗಿಸಬೇಕಾದ ದಿನಾಂಕ. ಇಡೀ ಬೀದಿ ಒಟ್ಟಿಗೆ ಅಗೆಯಲು ಒಪ್ಪಬೇಡಿ, ನೂರು ಮೀಟರ್ ಮುಗಿಸಿ ಮುಂದಿನ ನೂರು. ಪ್ರವಾಸಿಗರು ಬರುವ ಊರಲ್ಲಂತೂ ಅಕ್ಟೋಬರ್‌ನಿಂದ ಫೆಬ್ರುವರಿವರೆಗೆ ಗುದ್ದಲಿ ಮುಟ್ಟಬಾರದು.

ಪ್ರಶ್ನೆ: ಶಾಲೆ ಮುಂದೆ ಹಂಪ್ ಹಾಕಿಸಿದೆವು. ಈಗ ಬೈಕಿನವರು ಬೀಳುತ್ತಿದ್ದಾರೆ. (ಗುಳೇದಗುಡ್ಡ)

ನೀವು ಹಾಕಿಸಿದ್ದು ಹಂಪ್ ಅಲ್ಲ, ದಿಬ್ಬ. ದೇಶದ ರಸ್ತೆಗಳಿಗೆ ಅಳತೆ ಗೊತ್ತು ಮಾಡುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್. ಅದರ ಅಳತೆಯಲ್ಲಿ ವಾಹನ ಸಾಗುವ ದಿಕ್ಕಿನಲ್ಲಿ ಹಂಪ್‌ನ ಅಗಲ 3.7 ಮೀಟರ್, ಎತ್ತರ 10 ಸೆಂಟಿಮೀಟರ್. ಗಂಟೆಗೆ 25 ಕಿ.ಮೀ. ವೇಗದಲ್ಲಿ ಬಂದವರು ಆರಾಮಾಗಿ ದಾಟುತ್ತಾರೆ. ಗುತ್ತಿಗೆದಾರರ ಎದುರೇ ಟೇಪ್ ಹಿಡಿದು ಅಳೆಯಿರಿ. ಅಳತೆ ತಪ್ಪಿದ್ದರೆ ಕಿತ್ತು ಹೊಸದಾಗಿ ಹಾಕಿಸಿ. ಬಿಳಿ ಪಟ್ಟೆ, ಮುಂಚೆಯೇ ಕಾಣುವ ಬೋರ್ಡ್ ಎರಡೂ ಇರಲಿ. ರಾತ್ರಿ ಒಂದು ದೀಪವೂ ಬೇಕು.