ಆಡುವ ಅರ್ಹತೆಯೇ ಓದಲ್ಲ: ಕಾಲೇಜು ಬ್ಯಾಸ್ಕೆಟ್‌ಬಾಲ್ ಬಗ್ಗೆ ಪೋಷಕರ ಪ್ರಶ್ನೆಗಳಿಗೆ ಉತ್ತರ

ಅಮೆರಿಕದ ವಿಶ್ವವಿದ್ಯಾಲಯಗಳ ತಂಡಗಳಲ್ಲಿ ಆಡುವ ವಿದ್ಯಾರ್ಥಿಗಳಿಗೆ ಓದಿನ ವಿಷಯದಲ್ಲಿ ಸಲಹೆ ನೀಡುವುದು ನನ್ನ ವೃತ್ತಿ. ಇಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಮಕ್ಕಳು ಶಾಲಾ ತಂಡಗಳಲ್ಲಿ ಕಾಣಿಸಿಕೊಳ್ಳತೊಡಗಿದ ಮೇಲೆ ನನಗೆ ಬರುವ ಪತ್ರಗಳು ಹೆಚ್ಚಿವೆ. ಅವುಗಳಲ್ಲಿ ಬಹುಪಾಲು ಪತ್ರಗಳು ಕೇಳುವುದು ಒಂದನ್ನೇ: ಆಡಲು ಎಷ್ಟು ಓದಿದರೆ ಸಾಕು? ಈ ಪ್ರಶ್ನೆಗೆ ಬಿಡಿಬಿಡಿಯಾಗಿ ಉತ್ತರಿಸಿ ಸಾಕಾಗಿರುವುದರಿಂದ ಈ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ. ಕಾಲೇಜು ಕ್ರೀಡೆಯ ಮೂರು ಡಿವಿಷನ್‌ಗಳ (ಮಟ್ಟಗಳ; ಮೊದಲನೆಯದೇ ಮೇಲಿನದು) ವ್ಯತ್ಯಾಸ, ಆ ಕ್ರೀಡೆಯನ್ನು ನಿಯಂತ್ರಿಸುವ ಸಂಸ್ಥೆಯಾದ ಎನ್‌ಸಿಎಎಯ ಅರ್ಹತಾ ಕೇಂದ್ರದಲ್ಲಿ ನೋಂದಾಯಿಸುವ ಬಗೆ ಮೊದಲಾದವನ್ನು ಇಲ್ಲಿ ವಿವರಿಸುವುದಿಲ್ಲ. ಮಗನನ್ನು ಬೇಸಿಗೆಯ ಪಂದ್ಯಾವಳಿಗಳಿಗೆ ಊರೂರು ಕರೆದೊಯ್ಯುವ ಪೋಷಕರಿಗೆ ಅಷ್ಟು ತಿಳಿದಿರಲೇಬೇಕು.

ಪ್ರಶ್ನೆ: ಹೈಸ್ಕೂಲಿನಲ್ಲಿ ಜಿಪಿಎ (4ಕ್ಕೆ ಲೆಕ್ಕ ಹಾಕುವ ದರ್ಜೆಗಳ ಸರಾಸರಿ) 2.3 ಇದ್ದರೆ ಸಾಕಂತೆ, ಕಾಲೇಜು ಪ್ರವೇಶ ಪರೀಕ್ಷೆಯಾದ ಎಸ್‌ಎಟಿಯೂ ಬೇಡವಂತೆ. ಹಾಗಿದ್ದರೆ ಟ್ಯೂಷನ್ ನಿಲ್ಲಿಸಿ ಆ ಸಮಯವನ್ನು ಅಭ್ಯಾಸಕ್ಕೆ ಕೊಡಬಹುದೇ?

ಕೊಡಬಾರದು. 2.3 ಎಂಬುದು 16 ಮೂಲ ವಿಷಯಗಳ ಸರಾಸರಿ, ಅದೂ ಡಿವಿಷನ್ ಒನ್‌ನಲ್ಲಿ ಮೊದಲ ವರ್ಷವೇ ಅಂಗಳಕ್ಕಿಳಿಯಲು ಎನ್‌ಸಿಎಎ ವಿಧಿಸಿರುವ ಕನಿಷ್ಠ ಮಿತಿ. ಆ 16ರಲ್ಲಿ 10 ವಿಷಯಗಳನ್ನು ಹನ್ನೆರಡನೆಯ ತರಗತಿ ಆರಂಭವಾಗುವ ಮೊದಲೇ ಮುಗಿಸಿರಬೇಕು. ಆ ಹತ್ತರಲ್ಲಿ ಏಳು ವಿಷಯಗಳು ಇಂಗ್ಲಿಷ್, ಗಣಿತ, ವಿಜ್ಞಾನಗಳಾಗಿರಬೇಕು, ಮತ್ತು ಆ ಅಂಕಗಳನ್ನು ಕೊನೆಯ ವರ್ಷ ಮತ್ತೆ ಓದಿ ಏರಿಸಿಕೊಳ್ಳಲು ಬರುವುದಿಲ್ಲ. ಎಸ್‌ಎಟಿಯನ್ನು 2023ರ ಜನವರಿಯಲ್ಲಿ ಕೈಬಿಟ್ಟದ್ದು ಎನ್‌ಸಿಎಎ ಮಾತ್ರ. ಪ್ರವೇಶ ಕೊಡುವುದು ವಿಶ್ವವಿದ್ಯಾಲಯ, ಅದರ ಬೇಡಿಕೆಗಳು ಅದರವೇ.

ಪ್ರಶ್ನೆ: ನಮ್ಮ ಮಗನಿಗೆ ಡಿವಿಷನ್ ಒನ್ ತಂಡವೊಂದು ಪೂರ್ಣ ವಿದ್ಯಾರ್ಥಿವೇತನದ ಭರವಸೆ ಕೊಟ್ಟಿದೆ. ಅವನಿಗೆ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುವ ಆಸೆ. ಕೋಚ್ ಅವರು, ‘ಮೊದಲೆರಡು ವರ್ಷ ಹಗುರವಾದ ವಿಷಯ ತೆಗೆದುಕೊಳ್ಳಲಿ, ಆಟದಲ್ಲಿ ನೆಲೆಯೂರಿದ ಮೇಲೆ ಎಂಜಿನಿಯರಿಂಗ್‌ಗೆ ಬದಲಾಯಿಸಿಕೊಳ್ಳಬಹುದು’ ಎನ್ನುತ್ತಾರೆ. ಒಪ್ಪಬಹುದೇ?

ಒಪ್ಪಬೇಡಿ. ನನಗೆ ಬರುವ ಪ್ರಶ್ನೆಗಳಲ್ಲಿ ಅತ್ಯಂತ ಮುಖ್ಯವಾದುದು ಇದು. ಪೋಷಕರು ಇದನ್ನು ಕೇಳುವ ಹೊತ್ತಿಗೆ ಸಾಮಾನ್ಯವಾಗಿ ಸಹಿ ಹಾಕಿ ಆಗಿರುತ್ತದೆ. ನೀವು ಮೊದಲೇ ಕೇಳಿದ್ದೀರಿ, ಆದ್ದರಿಂದ ವಿವರವಾಗಿಯೇ ಹೇಳುತ್ತೇನೆ.

ಕಾಲೇಜು ಸೇರಿದ ಮೇಲೆ ಆಟಗಾರನ ಅರ್ಹತೆಯನ್ನು ನಿರ್ಧರಿಸುವುದು ಅಂಕಗಳಷ್ಟೇ ಅಲ್ಲ. ಎರಡನೆಯ ವರ್ಷದ ಕೊನೆಗೆ ತಾನು ಆರಿಸಿಕೊಂಡ ಪದವಿಯ ಶೇಕಡ 40ರಷ್ಟು, ಮೂರನೆಯ ವರ್ಷದ ಕೊನೆಗೆ ಶೇಕಡ 60ರಷ್ಟು, ನಾಲ್ಕನೆಯ ವರ್ಷದ ಕೊನೆಗೆ ಶೇಕಡ 80ರಷ್ಟು ಪಠ್ಯವನ್ನು ಅವನು ಮುಗಿಸಿರಬೇಕು. ಪದವಿಯ ವಿಷಯವನ್ನು ಮೂರನೆಯ ವರ್ಷದ ಆರಂಭದೊಳಗೆ ಘೋಷಿಸಲೇಬೇಕು. ಆಟಗಾರರು ಗುರಿಯಿಲ್ಲದೆ ಸುಲಭ ತರಗತಿಗಳನ್ನು ಕೂಡಿಹಾಕಿಕೊಂಡು ಪದವಿಯಿಲ್ಲದೆ ಹೊರಬೀಳುವುದನ್ನು ತಡೆಯಲೆಂದೇ ಈ ನಿಯಮ ಬಂದಿತು, ಮತ್ತು ಆ ಉದ್ದೇಶಕ್ಕೆ ನನ್ನ ಪೂರ್ಣ ಬೆಂಬಲವಿದೆ. ಆದರೆ ನಿಮ್ಮ ಮಗನಂಥವರ ಮಟ್ಟಿಗೆ ಅದು ತಿರುಗುಬಾಣವಾಗುತ್ತದೆ. ಎಂಜಿನಿಯರಿಂಗ್‌ನಲ್ಲಿ ಕ್ಯಾಲ್ಕುಲಸ್ ಮುಗಿಯದೆ ಭೌತವಿಜ್ಞಾನವಿಲ್ಲ, ಭೌತವಿಜ್ಞಾನ ಮುಗಿಯದೆ ಸ್ಥಿತಿಶಾಸ್ತ್ರವಿಲ್ಲ, ಅದಿಲ್ಲದೆ ಮೂರನೆಯ ವರ್ಷದ ಯಾವ ತರಗತಿಗೂ ಪ್ರವೇಶವಿಲ್ಲ. ಎರಡು ವರ್ಷ ಸಂವಹನವನ್ನೋ ಸಾಮಾನ್ಯ ಅಧ್ಯಯನವನ್ನೋ ಓದಿದವನು ಎಂಜಿನಿಯರಿಂಗ್‌ಗೆ ಬದಲಾಯಿಸಿದ ದಿನ ಅವನು ಮುಗಿಸಿದ ತರಗತಿಗಳಿಗೆ ಸಿಕ್ಕ ಕ್ರೆಡಿಟ್‌ಗಳಲ್ಲಿ ಹೆಚ್ಚಿನವು ಹೊಸ ಪದವಿಯ ಲೆಕ್ಕಕ್ಕೆ ಬರುವುದಿಲ್ಲ. ಶೇಕಡ 40 ತುಂಬುವುದಿಲ್ಲ, ಆಡುವ ಅರ್ಹತೆ ಹೋಗುತ್ತದೆ. ಆಗ ಅದೇ ಕೋಚ್, ಅಷ್ಟೇ ಪ್ರೀತಿಯಿಂದ, ‘ಈಗಿರುವ ವಿಷಯದಲ್ಲೇ ಮುಂದುವರಿ’ ಎನ್ನುತ್ತಾರೆ. ಅವರು ಮೊದಲು ಹೇಳಿದ್ದು ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ಹಗುರವಾದ ವಿಷಯದಿಂದ ಭಾರವಾದ ವಿಷಯಕ್ಕೆ ದಾಟುವ ಬಾಗಿಲನ್ನು ನಿಯಮವೇ ಮುಚ್ಚಿಬಿಟ್ಟಿದೆ. ಎಂಜಿನಿಯರಿಂಗ್‌ನಲ್ಲಿ ಆರಂಭಿಸಿ ಆಗದಿದ್ದರೆ ಬೇರೆಡೆಗೆ ಇಳಿಯುವುದು ಸಾಧ್ಯ, ಇಳಿದ ಮೇಲೆ ಏರುವುದು ಬಹಳ ಕಷ್ಟ. ಆದ್ದರಿಂದ ಮೊದಲ ಸೆಮಿಸ್ಟರಿನಿಂದಲೇ ಕ್ಯಾಲ್ಕುಲಸ್ ತರಗತಿಯಲ್ಲಿ ಅವನ ಹೆಸರಿರಬೇಕು.

ಎರಡನೆಯ ವಿಷಯ ಸಮಯದ್ದು. ನಿಯಮದ ಪ್ರಕಾರ ಸೀಸನ್ ನಡೆಯುವಾಗ ತಂಡದ ಕೆಲಸ ದಿನಕ್ಕೆ ನಾಲ್ಕು ಗಂಟೆ, ವಾರಕ್ಕೆ 20 ಗಂಟೆ ಮೀರಬಾರದು. ಪೋಷಕರು ಈ ಸಂಖ್ಯೆಯನ್ನು ನಂಬಿ ಸಮಾಧಾನಪಡುತ್ತಾರೆ. ಆ ಲೆಕ್ಕದಲ್ಲಿ ಪಂದ್ಯದ ದಿನವೆಂದರೆ, ಬೆಳಗಿನಿಂದ ರಾತ್ರಿಯವರೆಗೆ ಎಷ್ಟೇ ಹೊತ್ತು ಹಿಡಿದರೂ, ಮೂರು ಗಂಟೆ. ಪ್ರಯಾಣ ಲೆಕ್ಕಕ್ಕೇ ಇಲ್ಲ. 2024ರಲ್ಲಿ ಕ್ಯಾಲಿಫೋರ್ನಿಯಾದ ವಿಶ್ವವಿದ್ಯಾಲಯಗಳಾದ ಯುಸಿಎಲ್‌ಎ ಬಿಗ್ ಟೆನ್ ಕೂಟಕ್ಕೂ (ಕೂಟವೆಂದರೆ ತಮ್ಮತಮ್ಮಲ್ಲೇ ಆಡುವ ಕಾಲೇಜುಗಳ ಗುಂಪು), ಸ್ಟ್ಯಾನ್‌ಫರ್ಡ್ ಅಟ್ಲಾಂಟಿಕ್ ಕರಾವಳಿಯ ಕೂಟಕ್ಕೂ ಸೇರಿದ ಮೇಲೆ, ಪಶ್ಚಿಮ ತೀರದ ಹುಡುಗರು ವಾರದ ನಡುವಿನ ಪಂದ್ಯಕ್ಕಾಗಿ ಇಡೀ ದೇಶವನ್ನು ದಾಟುತ್ತಿದ್ದಾರೆ. ಇದನ್ನು ತೀರ್ಮಾನಿಸಿದವರು ಟೆಲಿವಿಷನ್ ಹಣವನ್ನು ನೋಡಿದರು. ಗುರುವಾರದ ಪ್ರಯೋಗಾಲಯವನ್ನು ಯಾರೂ ನೋಡಲಿಲ್ಲ. ಬ್ಯಾಸ್ಕೆಟ್‌ಬಾಲ್‌ಗೆ ಇನ್ನೊಂದು ತೊಂದರೆಯಿದೆ. ಅದರ ಸೀಸನ್ ನವೆಂಬರ್ ಮೊದಲ ವಾರದಲ್ಲಿ ಆರಂಭವಾಗಿ, ರಾಷ್ಟ್ರೀಯ ಪಂದ್ಯಾವಳಿಯವರೆಗೆ ಹೋದರೆ ಏಪ್ರಿಲ್‌ವರೆಗೆ ನಡೆಯುತ್ತದೆ. ಹಾಗಾಗಿ ಎರಡೂ ಸೆಮಿಸ್ಟರುಗಳಿಗೆ ಪೆಟ್ಟು ಬೀಳುತ್ತದೆ. ಇದನ್ನು ನಿಭಾಯಿಸುವ ದಾರಿ ಬೇಸಿಗೆಯ ತರಗತಿಗಳು. ಕಠಿಣವಾದ ಒಂದೆರಡು ವಿಷಯಗಳನ್ನು ಬೇಸಿಗೆಗೆ ಸರಿಸಿ, ಸೀಸನ್ನಿನ ತಿಂಗಳುಗಳಲ್ಲಿ ಹೊರೆ ಇಳಿಸಿಕೊಳ್ಳಬೇಕು. ಅದರ ಶುಲ್ಕವನ್ನು ವಿದ್ಯಾರ್ಥಿವೇತನ ಭರಿಸುತ್ತದೆಯೇ ಎಂಬುದನ್ನು ಈಗಲೇ ಕೇಳಿ.

ಮೂರನೆಯದು, ನನ್ನ ವೃತ್ತಿಯ ಬಗ್ಗೆಯೇ ನೀವು ಎಚ್ಚರದಿಂದಿರಬೇಕಾದ ಕಾರಣ. ಪ್ರತಿ ತಂಡಕ್ಕೂ ಎಪಿಆರ್ (ಶೈಕ್ಷಣಿಕ ಪ್ರಗತಿಯ ದರ) ಎಂಬ ಅಳತೆಯಿದೆ. ವಿದ್ಯಾರ್ಥಿವೇತನ ಪಡೆಯುವ ಪ್ರತಿ ಆಟಗಾರ ಒಂದು ಅವಧಿಯಲ್ಲಿ ಕಾಲೇಜಿನಲ್ಲಿ ಉಳಿದರೆ ಒಂದು ಅಂಕ, ಅರ್ಹನಾಗಿದ್ದರೆ ಇನ್ನೊಂದು ಅಂಕ. ತಂಡದ ಮೊತ್ತವನ್ನು ಸಾವಿರಕ್ಕೆ ಲೆಕ್ಕ ಹಾಕಿ ನಾಲ್ಕು ವರ್ಷಗಳ ಸರಾಸರಿ ತೆಗೆಯುತ್ತಾರೆ. 930ಕ್ಕಿಂತ ಕೆಳಗಿಳಿದ ತಂಡಕ್ಕೆ ರಾಷ್ಟ್ರೀಯ ಪಂದ್ಯಾವಳಿಯ ಬಾಗಿಲು ಮುಚ್ಚಬಹುದು. 2011ರಲ್ಲಿ ಚಾಂಪಿಯನ್ ಆಗಿದ್ದ ಕನೆಕ್ಟಿಕಟ್ ವಿಶ್ವವಿದ್ಯಾಲಯದ ಪುರುಷರ ತಂಡ ಈ ಕಾರಣಕ್ಕೆ 2013ರಲ್ಲಿ ಹೊರಗುಳಿಯಿತು, ಮರುವರ್ಷ ಬಂದು ಮತ್ತೆ ಪ್ರಶಸ್ತಿ ಗೆದ್ದಿತು. ಶಿಕ್ಷೆಗೆ ಹಲ್ಲಿದೆ ಎಂಬುದು ಒಳ್ಳೆಯದೇ. ಆದರೆ ಈ ಅಳತೆ ಹುಡುಗ ಏನು ಕಲಿತ ಎಂದು ಕೇಳುವುದಿಲ್ಲ. ಅದರ ಒತ್ತಡದಲ್ಲಿ ಕೆಲಸ ಮಾಡುವ ಸಲಹೆಗಾರನಿಗೆ ಸಿ ದರ್ಜೆ ಬರಬಹುದಾದ ಉಷ್ಣಗತಿವಿಜ್ಞಾನಕ್ಕಿಂತ ಬಿ ದರ್ಜೆ ಖಚಿತವಾಗಿರುವ ಬೇರೊಂದು ತರಗತಿ ಸುರಕ್ಷಿತವಾಗಿ ಕಾಣುತ್ತದೆ. ಒಂದೇ ತಂಡದ ಅರ್ಧದಷ್ಟು ಹುಡುಗರು ಒಂದೇ ವಿಷಯದಲ್ಲಿ ಪದವಿ ಮಾಡುತ್ತಿದ್ದರೆ ಅದು ಅವರೆಲ್ಲರ ಆಸಕ್ತಿಯೆಂದು ನಾನು ನಂಬುವುದಿಲ್ಲ, ನೀವೂ ನಂಬಬೇಡಿ.

ಈ ಒತ್ತಡ ಎಲ್ಲಿಯವರೆಗೆ ಒಯ್ಯಬಲ್ಲದು ಎಂಬುದಕ್ಕೆ ಚಾಪೆಲ್ ಹಿಲ್‌ನ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಪ್ರಕರಣ ಸಾಕ್ಷಿ. 1993ರಿಂದ 2011ರವರೆಗೆ ಅಲ್ಲಿನ ಒಂದು ವಿಭಾಗದಲ್ಲಿ ಪಾಠವೇ ನಡೆಯದ, ಅಧ್ಯಾಪಕರ ಮುಖವನ್ನೇ ನೋಡದ, ಕೊನೆಗೊಂದು ಪ್ರಬಂಧ ಒಪ್ಪಿಸಿದರೆ ಧಾರಾಳವಾಗಿ ಅಂಕ ಸಿಗುವ ತರಗತಿಗಳಿದ್ದವು. 2014ರ ತನಿಖಾ ವರದಿಯ ಪ್ರಕಾರ ಸುಮಾರು 3,100 ವಿದ್ಯಾರ್ಥಿಗಳು ಅವುಗಳ ಮೂಲಕ ಹಾದುಹೋದರು; ಕ್ರೀಡಾಪಟುಗಳ ಪಾಲು ಹತ್ತಿರಹತ್ತಿರ ಅರ್ಧ. 2017ರಲ್ಲಿ ಎನ್‌ಸಿಎಎ, ಆ ತರಗತಿಗಳು ಎಲ್ಲ ವಿದ್ಯಾರ್ಥಿಗಳಿಗೂ ತೆರೆದಿದ್ದುದರಿಂದ ಅದು ಕ್ರೀಡಾಪಟುಗಳಿಗೆ ಕೊಟ್ಟ ವಿಶೇಷ ಸೌಲಭ್ಯವೆಂದು ಸಾಬೀತಾಗುವುದಿಲ್ಲ ಎಂದು ಶಿಕ್ಷೆಯಿಲ್ಲದೆ ಬಿಟ್ಟಿತು. ಆ ತೀರ್ಮಾನ ನನಗೆ ಇಂದಿಗೂ ಜೀರ್ಣವಾಗಿಲ್ಲ. ಗಮನಿಸಿ, ಆ ಹುಡುಗರೆಲ್ಲ ದಾಖಲೆಯಲ್ಲಿ ಅರ್ಹರೇ ಆಗಿದ್ದರು. ಅದಕ್ಕೂ ಹಿಂದೆ ಒಮಾಹಾದ ಕ್ರೈಟನ್ ವಿಶ್ವವಿದ್ಯಾಲಯದಲ್ಲಿ 1978ರಿಂದ 1982ರವರೆಗೆ ಆಡಿದ ಕೆವಿನ್ ರಾಸ್ ಅವರದೂ ಇದೇ ಕಥೆ. ಅವರು ಕಾಲೇಜು ಬಿಟ್ಟಾಗ ಅವರ ಒಟ್ಟು ಭಾಷಾ ಸಾಮರ್ಥ್ಯ ನಾಲ್ಕನೆಯ ತರಗತಿಯ ಮಗುವಿನದಾಗಿತ್ತು ಎಂಬುದು ನ್ಯಾಯಾಲಯದ ದಾಖಲೆಯಲ್ಲಿದೆ. ಅವರು ಷಿಕಾಗೋದ ಒಂದು ಶಾಲೆಯಲ್ಲಿ ಚಿಕ್ಕ ಮಕ್ಕಳ ನಡುವೆ ಕುಳಿತು ಓದಲು ಕಲಿತರು. ನಾಲ್ಕು ವರ್ಷ ಆಡಿಸಿದವರಲ್ಲಿ ಯಾರಿಗೂ ಇದು ಕಾಣಲಿಲ್ಲವೆಂದರೆ ನಾನು ಒಪ್ಪಲಾರೆ.

ಹಾಗೆಂದು ಎರಡನ್ನೂ ಸಾಧಿಸುವುದು ಅಸಾಧ್ಯವೆನ್ನುವ ಗುಂಪಿಗೂ ನಾನು ಸೇರಿದವಳಲ್ಲ. ಡೇವಿಡ್ ರಾಬಿನ್‌ಸನ್ ನೌಕಾಪಡೆಯ ಅಕಾಡೆಮಿಯಲ್ಲಿ ಗಣಿತದ ಪದವಿ ಪಡೆದರು ಮತ್ತು ವೃತ್ತಿಪರ ಲೀಗ್ ಆದ ಎನ್‌ಬಿಎಯ 1987ರ ಆಯ್ಕೆಯಲ್ಲಿ ಮೊದಲಿಗರಾದರು. ಎಮೆಕಾ ಒಕಫೋರ್ ಮೂರೇ ವರ್ಷಗಳಲ್ಲಿ ಹಣಕಾಸು ವಿಷಯದ ಪದವಿ ಮುಗಿಸಿ, 2004ರಲ್ಲಿ ಕನೆಕ್ಟಿಕಟ್ ತಂಡಕ್ಕೆ ರಾಷ್ಟ್ರೀಯ ಪ್ರಶಸ್ತಿ ತಂದರು. ಮುಂದೆ ನಿಷೇಧಕ್ಕೆ ಒಳಗಾದ ವಿಶ್ವವಿದ್ಯಾಲಯವೂ ಇದೇ. ಒಂದೇ ಸಂಸ್ಥೆ ಒಬ್ಬನಿಗೆ ಓದಿಸುತ್ತದೆ, ಇನ್ನೊಬ್ಬನನ್ನು ದಾಟಿಸಿಬಿಡುತ್ತದೆ. ಹಾಗಾಗಿ ವಿಶ್ವವಿದ್ಯಾಲಯದ ಹೆಸರನ್ನು ನೋಡಿ ನಿಶ್ಚಿಂತರಾಗಬೇಡಿ, ನಿಮ್ಮ ಮಗ ಸೇರುವ ತಂಡದ ಒಳಗಿನ ರೂಢಿಯನ್ನು ವಿಚಾರಿಸಿ. ಈ ಕೋಚ್ ಅವರ ಕಾಲದಲ್ಲಿ ಎಷ್ಟು ಆಟಗಾರರು ಎಂಜಿನಿಯರಿಂಗ್ ಪದವಿ ಮುಗಿಸಿದ್ದಾರೆ ಎಂದು ಕೇಳಿ. ಒಬ್ಬರೂ ಇಲ್ಲವೆಂದರೆ ನಿಮ್ಮ ಮಗನೇ ಮೊದಲಿಗನಾಗುತ್ತಾನೆ ಎಂಬ ಉತ್ಸಾಹದ ಮಾತಿಗೆ ಮರುಳಾಗಬೇಡಿ. ಪ್ರಯೋಗಾಲಯ ಮತ್ತು ಅಭ್ಯಾಸ ಒಂದೇ ಹೊತ್ತಿಗೆ ಬಂದರೆ ಯಾವುದು ಸರಿಯುತ್ತದೆ ಎಂಬುದನ್ನು ಕೋಚ್ ಎದುರಿಗೇ ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಓದಿನ ಸಲಹೆಗಾರರು ಕ್ರೀಡಾ ವಿಭಾಗದ ಕೈಕೆಳಗಿದ್ದಾರೆಯೇ ಅಥವಾ ಶೈಕ್ಷಣಿಕ ಆಡಳಿತಕ್ಕೆ ಉತ್ತರದಾಯಿಗಳೇ ಎಂಬುದು ಸಣ್ಣ ವಿಷಯವಲ್ಲ. ವಿದ್ಯಾರ್ಥಿವೇತನ ಒಂದೊಂದು ವರ್ಷಕ್ಕೆ ನವೀಕರಿಸುವಂಥದೇ, ಪದವಿ ಮುಗಿಯುವವರೆಗಿನದೇ, ಮೊಣಕಾಲಿಗೆ ಪೆಟ್ಟಾದರೆ ಏನಾಗುತ್ತದೆ ಎಂಬುದನ್ನು ಒಪ್ಪಂದದಲ್ಲಿ ಓದಿ. ಕೊನೆಯದಾಗಿ, ಕ್ರೀಡಾ ವಿಭಾಗದವರನ್ನು ಬಿಟ್ಟು, ಎಂಜಿನಿಯರಿಂಗ್ ವಿಭಾಗದ ಒಬ್ಬ ಅಧ್ಯಾಪಕರನ್ನು ಮಗ ತಾನೇ ಭೇಟಿಯಾಗಲಿ. ಆ ಭೇಟಿಗೆ ತಂಡದವರು ಸಮಯ ಹೊಂದಿಸಿಕೊಡದಿದ್ದರೆ, ಮುಂದಿನ ನಾಲ್ಕು ವರ್ಷವೂ ಹೊಂದಿಸಿಕೊಡುವುದಿಲ್ಲ.

ಪ್ರಶ್ನೆ: ಸೀಸನ್ ಸಮಯದಲ್ಲಿ ಟ್ಯೂಟರ್ ಪ್ರಬಂಧವನ್ನು ‘ತಿದ್ದಿ’ ಕೊಟ್ಟರೆ ತಪ್ಪೇ?

ತಿದ್ದುವುದು ಬರೆದುಕೊಡುವುದಾದರೆ ವಂಚನೆ. ಮಿನ್ನೆಸೋಟ ವಿಶ್ವವಿದ್ಯಾಲಯದ ಸಿಬ್ಬಂದಿಯೊಬ್ಬರು ಆಟಗಾರರಿಗೆ ನೂರಾರು ಮನೆಕೆಲಸಗಳನ್ನು ಬರೆದುಕೊಟ್ಟದ್ದು 1999ರಲ್ಲಿ ಬಯಲಾಗಿ, 1997ರ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಕೊನೆಯ ನಾಲ್ಕು ತಂಡಗಳಲ್ಲಿ ಒಂದಾದ ಸಾಧನೆಯೇ ದಾಖಲೆಯಿಂದ ಅಳಿಸಿಹೋಯಿತು.

ಪ್ರಶ್ನೆ: ಬೆಂಗಳೂರಿನ ಏಜೆಂಟ್ ಒಬ್ಬರು ಹಣ ಕೊಟ್ಟರೆ ಅಮೆರಿಕದಲ್ಲಿ ಬ್ಯಾಸ್ಕೆಟ್‌ಬಾಲ್ ವಿದ್ಯಾರ್ಥಿವೇತನ ಖಚಿತ ಎನ್ನುತ್ತಾರೆ. ನಂಬಬಹುದೇ?

ಅದನ್ನು ಖಚಿತಪಡಿಸುವ ಅಧಿಕಾರ ಭೂಮಿಯ ಮೇಲೆ ಯಾವ ಏಜೆಂಟನಿಗೂ ಇಲ್ಲ. ವಿದ್ಯಾರ್ಥಿವೇತನ ಕೊಡಿಸಿದ್ದಕ್ಕೆಂದು ಶುಲ್ಕ ಪಡೆಯುವವರ ಜೊತೆ ಒಪ್ಪಂದ ಮಾಡಿಕೊಂಡರೆ ಮಗನ ಅರ್ಹತೆಗೇ ಅಪಾಯ. ಒಂಬತ್ತನೆಯ ತರಗತಿಯಿಂದ ಪಿಯುಸಿವರೆಗಿನ ಅಂಕಪಟ್ಟಿಗಳನ್ನು ಅರ್ಹತಾ ಕೇಂದ್ರವೇ ಪರಿಶೀಲಿಸುತ್ತದೆ, ನೋಂದಣಿಯನ್ನು ಮನೆಯಲ್ಲೇ ಕುಳಿತು ಮಾಡಬಹುದು. ‘ಪ್ರಚಾರದ ಹಣ ಬೇರೆ ಬರುತ್ತದೆ’ ಎಂಬ ಆಮಿಷವನ್ನಂತೂ ದಯವಿಟ್ಟು ದೂರವಿಡಿ. ಎಫ್-1 ವೀಸಾದಲ್ಲಿ ಬರುವ ವಿದ್ಯಾರ್ಥಿ ಅಮೆರಿಕದ ನೆಲದಲ್ಲಿ ಅಂಥ ಸಂಪಾದನೆಗೆ ಕೈಹಾಕಿದರೆ ಕಳೆದುಕೊಳ್ಳುವುದು ವೀಸಾವನ್ನೇ.

ಪ್ರಶ್ನೆ: ಎನ್‌ಬಿಎ ಸೇರುವ ಸಾಧ್ಯತೆ ಎಷ್ಟು?

ಡಿವಿಷನ್ ಒನ್‌ನಲ್ಲೇ 350ಕ್ಕೂ ಹೆಚ್ಚು ಪುರುಷರ ತಂಡಗಳಿವೆ, ವರ್ಷಕ್ಕೆ ಆಯ್ಕೆಯಾಗುವವರು 60ರ ಆಸುಪಾಸು, ಅವರಲ್ಲಿ ಕೆಲವರು ನೇರವಾಗಿ ಬೇರೆ ದೇಶಗಳಿಂದ ಬರುತ್ತಾರೆ. ಲೆಕ್ಕ ನೀವೇ ಮಾಡಿ.

ಪ್ರಶ್ನೆ: ಮಗಳಿಗೆ ಆಡುವ ಅವಕಾಶ ಸಿಗುತ್ತಿಲ್ಲ. ಟ್ರಾನ್ಸ್‌ಫರ್ ಪೋರ್ಟಲ್‌ಗೆ (ಕಾಲೇಜು ಬದಲಿಸಬಯಸುವ ಆಟಗಾರರ ಪಟ್ಟಿಗೆ) ಹೆಸರು ಕೊಡಲೇ?

2024ರಿಂದ ಓದಿನ ಅರ್ಹತೆಯಿದ್ದವರು ಎಷ್ಟು ಬಾರಿಯಾದರೂ ಕಾಲೇಜು ಬದಲಿಸಿ ಕೂಡಲೇ ಆಡಬಹುದು. ಆದರೆ ಹೊಸ ಕಾಲೇಜು ಅವಳ ಕ್ರೆಡಿಟ್‌ಗಳನ್ನು ‘ಸ್ವೀಕರಿಸುತ್ತೇವೆ’ ಎನ್ನುವುದು ಬೇರೆ, ಅವಳ ಪದವಿಯ ಲೆಕ್ಕಕ್ಕೆ ಹಿಡಿಯುವುದು ಬೇರೆ. ಯಾವ ತರಗತಿ ಯಾವುದಕ್ಕೆ ಸಮ ಎಂಬ ಲಿಖಿತ ಪಟ್ಟಿ ಕೈಗೆ ಬರುವ ಮೊದಲು ಹಳೆಯ ಕಾಲೇಜನ್ನು ಬಿಡಬಾರದು, ಏಕೆಂದರೆ ಪೋರ್ಟಲ್‌ಗೆ ಹೆಸರು ಬಿದ್ದ ಮೇಲೆ ಅಲ್ಲಿನ ವಿದ್ಯಾರ್ಥಿವೇತನ ಉಳಿಯುತ್ತದೆಂಬ ಭರವಸೆಯಿಲ್ಲ.

ಪ್ರಶ್ನೆ: ಮಗ ಚೆನ್ನಾಗಿ ಓದುತ್ತಾನೆ, ಚೆನ್ನಾಗಿ ಆಡುತ್ತಾನೆ, ಆದರೆ ಎತ್ತರ ಐದು ಅಡಿ ಹತ್ತು ಅಂಗುಲ. ಆಟ ಬಿಡಿಸಿಬಿಡೋಣವೇ?

ಯಾಕೆ ಬಿಡಿಸಬೇಕು? ಎಂಐಟಿ, ಕ್ಯಾಲ್‌ಟೆಕ್, ಷಿಕಾಗೋ ವಿಶ್ವವಿದ್ಯಾಲಯ, ಎಮರಿ ಇವೆಲ್ಲ ಡಿವಿಷನ್ ಥ್ರೀ ತಂಡಗಳನ್ನು ಕಟ್ಟಿವೆ. ಅಲ್ಲಿ ಆಟಕ್ಕೆಂದು ವಿದ್ಯಾರ್ಥಿವೇತನವಿಲ್ಲ. ಕುಟುಂಬದ ಆದಾಯ ನೋಡಿ ನೆರವು ಸಿಗಬಹುದು. ಕ್ಯಾಲ್‌ಟೆಕ್ ತಂಡ ತನ್ನ ಕೂಟದಲ್ಲಿ 26 ವರ್ಷ ಒಂದೂ ಪಂದ್ಯ ಗೆಲ್ಲದೆ, 310 ಸೋಲುಗಳ ನಂತರ 2011ರ ಫೆಬ್ರುವರಿಯಲ್ಲಿ ಒಂದೇ ಅಂಕದ ಅಂತರದಿಂದ ಗೆದ್ದಿತು. ಅಷ್ಟೂ ವರ್ಷ ಪ್ರವೇಶದ ಮಟ್ಟವನ್ನು ಆಟಕ್ಕಾಗಿ ಇಳಿಸದೆ ತಂಡವನ್ನು ಉಳಿಸಿಕೊಂಡ ಸಂಸ್ಥೆಯ ಬಗ್ಗೆ ನನಗೆ ಅಪಾರ ಗೌರವವಿದೆ. ಹನ್ನೊಂದನೆಯ ತರಗತಿಯ ಅಂಕಪಟ್ಟಿ ಬಂದ ಕೂಡಲೇ, ಎರಡು ಪೂರ್ಣ ಪಂದ್ಯಗಳ ವಿಡಿಯೊ ಜೊತೆಗೆ ಮಗನೇ ಆ ಕೋಚ್‌ಗಳಿಗೆ ಪತ್ರ ಬರೆಯಲಿ, ನೀವು ಬರೆಯಬೇಡಿ. ಆಸಕ್ತಿ ಇರುವ ಕೋಚ್ ಬೇಸಿಗೆಯಲ್ಲೇ ಅವನ ದಾಖಲೆಗಳನ್ನು ಪ್ರವೇಶ ಕಚೇರಿಗೆ ತೋರಿಸಿ ಅಭಿಪ್ರಾಯ ತಿಳಿಯುವ ಪದ್ಧತಿ ಹಲವು ಕಾಲೇಜುಗಳಲ್ಲಿದೆ. ಆ ಅಭಿಪ್ರಾಯ ಬರುವವರೆಗೆ ಬೇರೆ ಕಾಲೇಜುಗಳ ಅರ್ಜಿಗಳನ್ನು ನಿಲ್ಲಿಸಬಾರದು.