ಅಪ್ಪನ ಸಾವಿನ ಕಡತ ಮೊದಲು, ಊರವರ ಮಾತು ಆಮೇಲೆ

ಪತ್ರದ ಸಾರ: ತೀರ್ಥಹಳ್ಳಿ ತಾಲ್ಲೂಕಿನ ಓದುಗ ಮಹಿಳೆಯೊಬ್ಬರ ತಂದೆ ಮೂರು ವರ್ಷದ ಹಿಂದೆ, ಆಷಾಢದ ಮಳೆಯಲ್ಲಿ, ತೋಟದ ಮೇಲಿನ ಕೆರೆಯಲ್ಲಿ ಶವವಾಗಿ ಸಿಕ್ಕರು. ಕಾಲು ಜಾರಿ ಬಿದ್ದದ್ದೆಂದು ಪೊಲೀಸರು ಕಡತ ಮುಗಿಸಿದರು. ಈಗ ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಅರ್ಜಿ ಹಾಕಿದಾಗ ಭದ್ರಾವತಿಯವರೊಬ್ಬರು ‘ನಾನೂ ಅವರ ಮಗ’ ಎಂದು ತಕರಾರು ಸಲ್ಲಿಸಿದ್ದಾರೆ. ತಂದೆ ಮದುವೆಗೆ ಮುಂಚೆ ಅಲ್ಲಿ ಕಾರ್ಖಾನೆ ಕೆಲಸದಲ್ಲಿದ್ದವರು. ತೀರಿಕೊಳ್ಳುವ ವಾರ ಆ ಮಗನಿಗೆ ಫೋನ್ ಮಾಡಿ, ‘ನಿನ್ನ ಹೆಸರಿಗೂ ಸ್ವಲ್ಪ ಬರೆದಿಡುತ್ತೇನೆ’ ಎಂದಿದ್ದರಂತೆ. ಕೆರೆ ಏರಿಯ ಮೇಲೆ ಚಪ್ಪಲಿ ಜೋಡಿಸಿಟ್ಟ ಹಾಗೆ ಇತ್ತು. ತಾಯಿ, ಚಿಕ್ಕಪ್ಪ ಇಬ್ಬರೂ ‘ಕೆದಕಬೇಡ’ ಎನ್ನುತ್ತಾರೆ. ಓದುಗರಿಗೆ ಚಿಕ್ಕಪ್ಪನ ಮೇಲೆ ಸಂಶಯ, ತಾಯಿಯ ಮೌನದ ಮೇಲೂ. ಭದ್ರಾವತಿಯ ಆ ಅಣ್ಣನ ಜೊತೆ ಸೇರಿ ಸತ್ಯ ಹುಡುಕುವುದು ಹೇಗೆ, ಈ ಅಣ್ಣನನ್ನು ನಂಬಬಹುದೇ ಎಂಬುದು ಅವರ ಪ್ರಶ್ನೆ.

ಸಂಪಾದಕರ ಉತ್ತರ:

ಊರಲ್ಲಿ ಯಾರನ್ನೂ ಈಗಲೇ ವಿಚಾರಿಸಲು ಹೋಗಬೇಡಿ. ನಮ್ಮ ಕಡೆ ಒಂದು ಮನೆಯಿಂದ ಇನ್ನೊಂದು ಮನೆಗೆ ಗುಡ್ಡ ಇಳಿದು ಹತ್ತಬೇಕು, ಆದರೂ ಬೆಳಿಗ್ಗೆ ಕೇಳಿದ ಪ್ರಶ್ನೆ ಸಂಜೆಯೊಳಗೆ ಎಲ್ಲರ ಜಗಲಿಗೂ ತಲುಪಿರುತ್ತದೆ. ಆಮೇಲೆ ಯಾರೂ ತಾವು ಕಂಡದ್ದನ್ನು ಹೇಳುವುದಿಲ್ಲ, ಊರು ಒಪ್ಪಿಕೊಂಡದ್ದನ್ನು ಹೇಳುತ್ತಾರೆ.

ಮೊದಲು ಕಾಗದ. ಅಂದು ದಾಖಲಾದದ್ದು ಯುಡಿಆರ್, ಅಂದರೆ ಅಸಹಜ ಸಾವಿನ ವರದಿ. ಆಗ ಅದು ದಂಡ ಪ್ರಕ್ರಿಯಾ ಸಂಹಿತೆಯ 174ನೇ ಕಲಂ; 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 194. ಕಡತದ ಒಂದು ಕೊನೆ ಠಾಣೆಯಲ್ಲಿದ್ದರೆ ಇನ್ನೊಂದು ತಾಲ್ಲೂಕು ದಂಡಾಧಿಕಾರಿಯಾದ ತಹಶೀಲ್ದಾರರ ಕಚೇರಿಯಲ್ಲಿರುತ್ತದೆ. ಶವ ಪಂಚನಾಮೆ, ಸ್ಥಳ ಮಹಜರು, ಮರಣೋತ್ತರ ಪರೀಕ್ಷೆಯ ವರದಿ, ಫೋಟೊಗಳು, ಒಳಾಂಗದ ಮಾದರಿ ಕಳಿಸಿದ್ದರೆ ಪ್ರಯೋಗಾಲಯದ ವರದಿ, ಇಷ್ಟಕ್ಕೂ ದೃಢೀಕೃತ ನಕಲು ಕೇಳಿ. ಕೊಡಲು ಸತಾಯಿಸಿದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. 30 ದಿನದೊಳಗೆ ಉತ್ತರ ಕೊಡಲೇಬೇಕು. ಮಗಳಾಗಿ ನೀವೇ ಸಹಿ ಮಾಡಿ. ತಕರಾರುದಾರರ ಸಹಿ ಅದರ ಮೇಲಿದ್ದರೆ ಇದು ಆಸ್ತಿ ಜಗಳ ಎಂದು ಮೊದಲ ದಿನವೇ ಪಕ್ಕಕ್ಕಿಡುತ್ತಾರೆ.

ಕಡತ ಕೈಗೆ ಬಂದ ಮೇಲೆ ಚಪ್ಪಲಿಯ ವಿಷಯಕ್ಕೆ ಬನ್ನಿ. ಪತ್ರದಲ್ಲಿ ಅದನ್ನು ಎರಡು ಸಲ ಬರೆದಿದ್ದೀರಿ, ನಿಮ್ಮ ಮನಸ್ಸು ಅಲ್ಲೇ ನಿಂತಿದೆ. ಆದರೆ ಮಳೆಗಾಲದಲ್ಲಿ ಪಾಚಿ ಕಟ್ಟಿದ ಕಲ್ಲು ಮೆಟ್ಟಿಲು ಇಳಿಯುವಾಗ ನಮ್ಮವರು ಚಪ್ಪಲಿ ಬಿಟ್ಟೇ ಇಳಿಯುತ್ತಾರೆ; ಬರಿಗಾಲಿಗೆ ಹಿಡಿತ ಸಿಗುತ್ತದೆ. ಜೋಡಿ ಚಪ್ಪಲಿಯಿಂದ ಏನನ್ನೂ ಸಾಧಿಸಲಾಗದು. ನಾನಾದರೆ ಟಾರ್ಚು ಹುಡುಕುತ್ತಿದ್ದೆ. ರಾತ್ರಿ ಹೋಗಿದ್ದರೆ ಅವರ ಕೈಯಲ್ಲಿ ಬೆಳಕಿತ್ತೇ? ಮಹಜರಿನಲ್ಲಿ ಅದು ಇದೆಯೇ? ಕಂಬಳಿಕೊಪ್ಪೆ ಎಲ್ಲಿ ಸಿಕ್ಕಿತು? ಪಂಚರಾಗಿ, ಅಂದರೆ ಮಹಜರಿಗೆ ಸಾಕ್ಷಿಗಳಾಗಿ, ಸಹಿ ಹಾಕಿದವರು ಯಾರು, ಅವರು ನಿಜಕ್ಕೂ ಕೆರೆಯ ಹತ್ತಿರ ನಿಂತಿದ್ದರೇ, ಅಥವಾ ಮನೆಯಂಗಳದಲ್ಲಿ ಸಹಿ ಹಾಕಿದರೇ?

ಮರಣೋತ್ತರ ವರದಿಯನ್ನು ವಿಧಿವಿಜ್ಞಾನ ಓದಿದ ವೈದ್ಯರೊಬ್ಬರಿಗೆ ತೋರಿಸಿ. ಉಸಿರಾಡುತ್ತಾ ಮುಳುಗಿದವರ ಮೂಗು ಬಾಯಲ್ಲಿ ನೊರೆ, ಶ್ವಾಸನಾಳದಲ್ಲಿ ಕೆಸರು, ನೀರು ತುಂಬಿ ಉಬ್ಬಿದ ಶ್ವಾಸಕೋಶ ಸಾಮಾನ್ಯ. ಅವು ಕಾಣದಿದ್ದ ಮಾತ್ರಕ್ಕೆ ಕೊಲೆ ಎಂದಾಗುವುದಿಲ್ಲ. ತಲೆಯಲ್ಲಿ ಗಾಯ ಬರೆದಿದ್ದರೆ ಅದು ಜೀವವಿದ್ದಾಗ ಆದದ್ದೋ ಎಂಬುದು ದೊಡ್ಡ ಪ್ರಶ್ನೆ. ದಹನವಾಗಿರುವುದರಿಂದ ದೇಹ ಇನ್ನೊಮ್ಮೆ ಮಾತಾಡುವುದಿಲ್ಲ. ಬರೆದಿಟ್ಟದ್ದಷ್ಟೇ ನಿಮಗುಳಿದ ಆಧಾರ. ಫೋನ್ ಕಂಪನಿಗಳು ಕರೆ ವಿವರವನ್ನು ಕನಿಷ್ಠ ಎರಡು ವರ್ಷ ಇಟ್ಟಿರಬೇಕೆಂಬ ನಿಯಮವಿದೆ, ನಿಮ್ಮ ವಿಷಯದಲ್ಲಿ ಆ ಕಾಲ ದಾಟಿದೆ. ಆದ್ದರಿಂದ ಅಣ್ಣನ ಹಳೆಯ ಹ್ಯಾಂಡ್‌ಸೆಟ್ ಇದ್ದರೆ ಮಾರದೆ, ಅಳಿಸದೆ ಇಡಲು ಇಂದೇ ಹೇಳಿ. ತಂದೆಯದೂ ಅಷ್ಟೇ.

ಈಗ ಆ ಅಣ್ಣನ ವಿಷಯ. ನಂಬಿ ಅಥವಾ ನಂಬಬೇಡಿ ಎಂದು ನಾನು ಹೇಳಲಾರೆ, ಪರೀಕ್ಷೆ ಮಾಡಿಸಬಹುದು. ತಂದೆ ಒಬ್ಬರೇ ಆದ ಅಣ್ಣ ತಂಗಿಯರಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಡಿಎನ್‌ಎ ಸಮಾನವಾಗಿರುತ್ತದೆ. ಇಬ್ಬರ ತಾಯಂದಿರೂ ಮಾದರಿ ಕೊಟ್ಟರೆ ಫಲಿತಾಂಶ ಗಟ್ಟಿಯಾಗುತ್ತದೆ. ತಂದೆಯಿಂದ ಮಗನಿಗೆ ಮಾತ್ರ ಇಳಿಯುವ ವೈ ವರ್ಣತಂತು ನಿಮ್ಮಲ್ಲಿಲ್ಲ. ಅದು ಇರುವುದು ಚಿಕ್ಕಪ್ಪನಲ್ಲಿ. ನೀವು ಯಾರ ಮೇಲೆ ಸಂಶಯಪಡುತ್ತಿದ್ದೀರೋ ಅವರ ಮಾದರಿಯೇ ಈ ಅಣ್ಣ ನಿಮ್ಮ ಮನೆತನದವನೇ ಎಂಬುದನ್ನು ಹೇಳಬಲ್ಲದು. ಅವರ ಜೊತೆ ಈಗಲೇ ಮುಖ ಮುರಿದುಕೊಳ್ಳಬೇಡಿ ಎನ್ನಲು ಇದೂ ಒಂದು ಕಾರಣ.

ಇನ್ನೊಂದು ಕಾರಣ ನಿಮ್ಮ ತಾಯಿ. ಅವರ ಮೌನವನ್ನು ನೀವು ಅಪರಾಧದ ಗುರುತಾಗಿ ಓದಿದ್ದೀರಿ, ನನಗೆ ಹಾಗೆ ಕಾಣುತ್ತಿಲ್ಲ. ಭದ್ರಾವತಿಯಲ್ಲಿ ಆದದ್ದು ಕಾನೂನುಬದ್ಧ ಮದುವೆಯಾಗಿದ್ದು, ಆ ಪತ್ನಿ ಬದುಕಿರುವಾಗಲೇ ವಿಚ್ಛೇದನವಿಲ್ಲದೆ ನಿಮ್ಮ ತಂದೆ ಎರಡನೆಯ ಸಲ ತಾಳಿ ಕಟ್ಟಿದ್ದರೆ, ಅನೂರ್ಜಿತವಾಗುವುದು ನಿಮ್ಮ ತಾಯಿಯ ಮದುವೆ. ಇಷ್ಟು ವರ್ಷ ಆ ಮನೆಯ ಒಲೆ ಉರಿಸಿದ ಹೆಂಗಸಿಗೆ ಪತ್ನಿಯಾಗಿ ಬರಬೇಕಾದ ಪಾಲೇ ಇಲ್ಲದಂತಾಗಬಹುದು. ನಿಮಗಾದರೋ ಹಿಂದೂ ವಿವಾಹ ಕಾಯ್ದೆಯ 16ನೇ ಕಲಮಿನ ರಕ್ಷಣೆಯಿದೆ; ಅನೂರ್ಜಿತ ಮದುವೆಯ ಮಕ್ಕಳನ್ನೂ ಅದು ಕಾನೂನುಬದ್ಧ ಮಕ್ಕಳೆಂದೇ ಎಣಿಸುತ್ತದೆ. ಅಂಥ ಮಕ್ಕಳಿಗೆ ಪಿತ್ರಾರ್ಜಿತದಲ್ಲಿ ತಂದೆಯ ಭಾಗಕ್ಕೆ ಬಂದದ್ದರಲ್ಲೂ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2023ರ ಸೆಪ್ಟೆಂಬರ್ 1ರಂದು, ಕರ್ನಾಟಕದಿಂದಲೇ ಹೋದ ಪ್ರಕರಣದಲ್ಲಿ, ಹೇಳಿದೆ. ಅಮ್ಮನಿಗೆ ಆ ಆಸರೆಯಿಲ್ಲ. ‘ಕೆದಕಬೇಡ’ ಎನ್ನಲು ಇಷ್ಟು ಭಯ ಸಾಕು. ಚಿಕ್ಕಪ್ಪ ತಮ್ಮ ಅಣ್ಣನ, ಅಂದರೆ ನಿಮ್ಮ ತಂದೆಯ, ಗುಟ್ಟು ಕಾಯುತ್ತಿರಲೂಬಹುದು. ಅಥವಾ ನೀವು ಶಂಕಿಸುವ ಹಾಗೆಯೂ ಇರಬಹುದು. ಆ ಸಾಧ್ಯತೆಯನ್ನು ನಾನು ತಳ್ಳಿಹಾಕುತ್ತಿಲ್ಲ.

ಕಡತದಲ್ಲಿ ನಿಜವಾದ ಬಿರುಕು ಕಂಡರೆ ದಾರಿ ಮುಚ್ಚಿಲ್ಲ. ಯುಡಿಆರ್ ಮುಗಿಸಿದ್ದು ನ್ಯಾಯಾಲಯದ ತೀರ್ಪಲ್ಲ, ಕೊಲೆ ಆರೋಪಕ್ಕೆ ಕಾಲಮಿತಿಯೂ ಇಲ್ಲ. ಠಾಣೆಯಲ್ಲಿ ದೂರು ಕೊಡಿ. ಅಲ್ಲಿ ತೆಗೆದುಕೊಳ್ಳದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳಿಸಿ, ಅದಕ್ಕೂ ಜಗ್ಗದಿದ್ದರೆ ವಕೀಲರ ಮೂಲಕ ಮ್ಯಾಜಿಸ್ಟ್ರೇಟರ ಮುಂದೆ ಹೋಗಿ. ಕೊಲೆ ಮಾಡಿದವರಿಗೆ ಸತ್ತವರ ಆಸ್ತಿ ಸಿಗದು ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆಯ 25ನೇ ಕಲಂ ಹೇಳುತ್ತದೆ. ನಿಮ್ಮ ದೂರನ್ನು ಅದೇ ದೃಷ್ಟಿಯಿಂದ ನೋಡುವವರೂ ಇರುತ್ತಾರೆ, ಆದ್ದರಿಂದ ಖಾತೆಯ ಅರ್ಜಿಯನ್ನು ಸದ್ಯಕ್ಕೆ ಮುಂದೂಡಿ.

ಅಮ್ಮನ ಹತ್ತಿರ ಅಣ್ಣನನ್ನು ಕರೆದುಕೊಂಡು ಹೋಗಬೇಡಿ, ಒಬ್ಬರೇ ಹೋಗಿ. ಸಾವಿನ ಮಾತು ಎತ್ತುವ ಮೊದಲು ‘ಈ ಮನೆ ಬಿಟ್ಟು ನಿನ್ನನ್ನು ಯಾರೂ ಕಳಿಸುವುದಿಲ್ಲ’ ಎಂದು ಹೇಳಿ, ಸಾಧ್ಯವಾದರೆ ನಿಮ್ಮ ಪಾಲಿನಿಂದ ಅದನ್ನು ಬರಹದಲ್ಲೇ ಕೊಡಿ. ಆಮೇಲೆ ಆ ರಾತ್ರಿ ಅಪ್ಪ ಎಷ್ಟು ಗಂಟೆಗೆ ಎದ್ದು ಹೋದರು, ಯಾರು ಕರೆದರು ಎಂದು ಕೇಳಿ. ಮರಣೋತ್ತರ ವರದಿ ಬಂದ ಮೇಲೆ ನಮಗೊಂದು ಪ್ರತಿ ಕಳಿಸಿ. ವೈದ್ಯರನ್ನು ಹುಡುಕಿಕೊಡುವ ಹೊಣೆ ನಮ್ಮದು.