ಕತ್ತಿನ ಗಂಟಿಗೆ ಸೂಜಿ ಏಕೆ ಬೇಡ?

ಪ್ರಶ್ನೆ: ನಮ್ಮ ಆಯಿಗೆ 52 ವರ್ಷ. ಬಲಗತ್ತಿನಲ್ಲಿ, ದವಡೆ ಮೂಲೆಯ ಕೆಳಗೆ ಅಡಿಕೆ ಗಾತ್ರದ ಗಂಟು ಎರಡು ವರ್ಷದಿಂದ ಇದೆ, ನೋವಿಲ್ಲ. ಸ್ಕ್ಯಾನ್ ನೋಡಿದ ವೈದ್ಯರು ‘ಕೆರೋಟಿಡ್ ಬಾಡಿ ಟ್ಯೂಮರ್ ಇರಬಹುದು, ಸೂಜಿ ಪರೀಕ್ಷೆ ಬೇಡ’ ಎಂದರು. ಮುಂದೇನು?
— ಓದುಗರು, ಶಿರಸಿ

ಉತ್ತರ: ಸೂಜಿ ಬೇಡ ಎಂದದ್ದು ಸರಿಯೇ. ಮಿದುಳಿಗೆ ರಕ್ತ ಒಯ್ಯುವ ಕೆರೋಟಿಡ್ ಧಮನಿ ಕವಲೊಡೆಯುವಲ್ಲಿ ಅಕ್ಕಿಕಾಳಿನಷ್ಟು ಅಂಗವೊಂದಿದೆ, ಅದೇ ಕೆರೋಟಿಡ್ ಬಾಡಿ. ರಕ್ತದಲ್ಲಿನ ಆಮ್ಲಜನಕದ ಮಟ್ಟ ಗುರುತಿಸುವುದು ಅದರ ಕೆಲಸ. ಈ ಗಡ್ಡೆ ಹುಟ್ಟುವುದು ಅಲ್ಲೇ; ಒಳಗೆಲ್ಲ ರಕ್ತನಾಳ, ಚುಚ್ಚಿದರೆ ರಕ್ತಸ್ರಾವದ ಭಯ. ಗಂಟು ಅಕ್ಕಪಕ್ಕಕ್ಕೆ ಸರಿಯುತ್ತದೆ, ಮೇಲೆ ಕೆಳಗೆ ಸರಿಯದು. ಮನೆಯಲ್ಲಿ ಒತ್ತಿ ನೋಡಲು ಹೋಗಬೇಡಿ, ತಲೆ ಸುತ್ತೀತು.

ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್ ಆದ ಮೇಲೆ ರಕ್ತನಾಳಗಳ ಚಿತ್ರ ಕೊಡುವ ಸಿ.ಟಿ. ಆಂಜಿಯೋಗ್ರಾಮ್ ಅಥವಾ ಎಂ.ಆರ್.ಐ. ಬೇಕು, ಕತ್ತಿನ ಎರಡೂ ಬದಿಗೆ. ರಕ್ತ ಅಥವಾ 24 ಗಂಟೆಯ ಮೂತ್ರದಲ್ಲಿ ಮೆಟಾನೆಫ್ರಿನ್ (ಅಡ್ರಿನಲಿನ್ ಒಡೆದು ಆಗುವ ವಸ್ತು) ಪರೀಕ್ಷೆ ಬಿಡಬೇಡಿ. ಗಡ್ಡೆ ಅಡ್ರಿನಲಿನ್ ಜಾತಿಯ ಹಾರ್ಮೋನು ಸುರಿಸುವಂಥದ್ದಾದರೆ ಅರಿವಳಿಕೆಯ ಹೊತ್ತಿಗೆ ಬಿ.ಪಿ. ಹದ ತಪ್ಪುತ್ತದೆ. ಈ ಗಡ್ಡೆಗೆ ಕಾರಣವಾಗಬಲ್ಲ ಎಸ್.ಡಿ.ಎಚ್. ಎಂಬ ಜೀನ್‌ಗಳ ದೋಷ ವಂಶದಲ್ಲಿ ಬರಬಹುದು. ಸಿಕ್ಕರೆ ಮಕ್ಕಳೂ ತಪಾಸಣೆ ಮಾಡಿಸಬೇಕು.

ಗಡ್ಡೆ ತೆಗೆಯುವ ಶಸ್ತ್ರಚಿಕಿತ್ಸೆಯ ಕಷ್ಟ ಅಳೆಯಲು ಮೂರು ಹಂತದ ಶಾಂಬ್ಲಿನ್ ವರ್ಗೀಕರಣವಿದೆ: ಒಂದನೆಯದು ಧಮನಿಯಿಂದ ಸುಲಭವಾಗಿ ಬಿಡಿಸಿಕೊಳ್ಳುತ್ತದೆ, ಮೂರನೆಯದು ಅದನ್ನು ಸುತ್ತುಗಟ್ಟಿರುತ್ತದೆ. ಆಗ ಧಮನಿಯ ತುಂಡು ತೆಗೆದು ಕಾಲಿನ ಸಿರೆ ಜೋಡಿಸಬೇಕಾದೀತು. ದೊಡ್ಡ ಗಡ್ಡೆಯಾದರೆ ಕೆಲವರು ಒಂದೆರಡು ದಿನ ಮೊದಲೇ ಅದಕ್ಕೆ ಹೋಗುವ ರಕ್ತನಾಳಗಳನ್ನು ಮುಚ್ಚುತ್ತಾರೆ. ಪಾರ್ಶ್ವವಾಯುವಿನ ಅಪಾಯ ಕಡಿಮೆ, ಆದರೆ ಇದೆ. ನರಕ್ಕೆ ಪೆಟ್ಟಾಗಿ ದನಿ ಒಡೆಯುವುದು, ನಾಲಿಗೆ ವಾಲುವುದು, ನುಂಗಲು ತೊಡಕಾಗುವುದೇ ಹೆಚ್ಚು. ಬಹಳಷ್ಟು ಸಲ ತಿಂಗಳುಗಳಲ್ಲಿ ಸುಧಾರಿಸುತ್ತದೆ.

ರಕ್ತನಾಳ ಶಸ್ತ್ರತಜ್ಞರಿರುವ ಆಸ್ಪತ್ರೆಯೇ ಆಗಬೇಕು. ಹುಬ್ಬಳ್ಳಿ, ಮಣಿಪಾಲದ ಕಡೆ ವಿಚಾರಿಸಿ. ‘ಇಂಥ ಗಡ್ಡೆ ಎಷ್ಟು ತೆಗೆದಿದ್ದೀರಿ?’ ಎಂದು ಸಂಕೋಚವಿಲ್ಲದೆ ಕೇಳಿ.